ಶಾರ್ಟ್ ಶಿಫ್ಟರ್ ಹಾಕುವುದು ಹೇಗೆ: ಹಳೆಯ ಮಾಜ್ದಾ ಎಂಎಕ್ಸ್-5 ಕಾರಿನ ಗೇರ್ ಲಿವರ್ ಕೆಲಸ, ಮೊದಲಿಂದ ಕೊನೆವರೆಗೆ

ಮೂರನೇ ಗೇರಿನಿಂದ ನಾಲ್ಕಕ್ಕೆ ಹೋಗುವಾಗ ನಿಮ್ಮ ಕೈ ಎಷ್ಟು ದೂರ ಸರಿಯುತ್ತದೆ? ಕೆಲವು ಕಾರುಗಳಲ್ಲಿ ಒಂದು ಗೇಣಿನಷ್ಟು ಎಳೆಯಬೇಕು. ಇನ್ನು ಕೆಲವದರಲ್ಲಿ ಮಣಿಕಟ್ಟು ತಿರುಗಿಸಿದರೆ ಸಾಕು, ಗೇರ್ ಬಿದ್ದಿರುತ್ತದೆ. ಈ ದೂರವನ್ನು ಕಡಿಮೆ ಮಾಡುವ ಲಿವರ್‌ಗೆ ಶಾರ್ಟ್ ಶಿಫ್ಟರ್ ಅನ್ನುತ್ತಾರೆ. ಕಂಪನಿ ಕೊಟ್ಟ ಲಿವರ್ ತೆಗೆದು, ಹೊರಗಿನವರು ಮಾಡಿದ ಲಿವರ್ ಹಾಕುವುದು. ಕೆಲಸ ಇಷ್ಟೇ ಅನಿಸುತ್ತದೆ, ಆದರೆ ಸರಿಯಾಗಿ ಮಾಡಿದರೆ ಕಾರಿನ ಸ್ವಭಾವವೇ ಬದಲಾಗುತ್ತದೆ. ಅರ್ಧಂಬರ್ಧ ಮಾಡಿದರೆ ಸದ್ದು, ಆಯಿಲ್ ವಾಸನೆ, ಗೇರ್ ಸಿಗದ ತಲೆನೋವು ಮೂರೂ ಒಟ್ಟಿಗೆ ಬರುತ್ತವೆ.

ಇಲ್ಲಿ ನಾನು ತೆಗೆದುಕೊಂಡಿರುವ ಕಾರು ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಇದನ್ನು ಮಿಯಾಟಾ ಅಂತಲೇ ಕರೆಯುತ್ತಾರೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಷೋದಲ್ಲಿ ಮೊದಲು ಕಾಣಿಸಿದ ಎರಡು ಸೀಟಿನ ಓಪನ್ ಕಾರು. ಮೊದಲ ತಲೆಮಾರಿಗೆ ಎನ್‌ಎ ಅಂತ ಹೆಸರು, 1997ರವರೆಗೆ ಬಂತು. ಎರಡನೆಯದು ಎನ್‌ಬಿ, 1998ರಿಂದ 2005ರವರೆಗೆ. ಕೆಳಗೆ ಹೇಳುವುದೆಲ್ಲ ಈ ಎರಡು ತಲೆಮಾರಿನ ಐದು ಗೇರಿನ ಬಾಕ್ಸ್‌ಗೆ ಮಾತ್ರ. ಎನ್‌ಬಿಯಲ್ಲಿ ಆರು ಗೇರಿನದೂ ಇದೆ, ಅದರ ಒಳಗಿನ ರಚನೆಯೇ ಬೇರೆ. ಇದನ್ನು ಓದಿಕೊಂಡು ಅದಕ್ಕೆ ಕೈ ಹಾಕಬೇಡಿ.

ಈ ಕಾರು ಭಾರತದಲ್ಲಿ ಅಧಿಕೃತವಾಗಿ ಮಾರಾಟ ಆಗಿಲ್ಲ. ಆದರೆ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಇರುವ ನಮ್ಮವರಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಇದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಇದರಲ್ಲಿ ಗೇರ್ ಬಾಕ್ಸ್ ಉದ್ದಕ್ಕೆ ಕೂತಿದೆ, ಲಿವರ್ ನೇರವಾಗಿ ಅದರ ಮೇಲೆ ನಿಂತಿದೆ. ನಡುವೆ ಕೇಬಲ್ ಇಲ್ಲ. ಹಾಗಾಗಿ ಕಾರನ್ನು ಎತ್ತದೆ, ಅಡಿಗೆ ಮಲಗದೆ, ಸೀಟಿನ ಮೇಲೆ ಕೂತುಕೊಂಡೇ ಇಡೀ ಕೆಲಸ ಮುಗಿಸಬಹುದು. ಮೊದಲ ಸಲ ಗೇರ್ ಲಿವರ್ ಬಿಚ್ಚುವವರು ಕಲಿಯಲು ಇದಕ್ಕಿಂತ ಒಳ್ಳೆ ಕಾರು ನನಗೆ ಗೊತ್ತಿಲ್ಲ. ನಮ್ಮೂರಿನ ಸ್ವಿಫ್ಟ್, ಐ20, ಪೋಲೋ ಇಟ್ಟವರಿಗೆ ಬೇಕಾದ ಮಾತು ಕೊನೆಯ ಭಾಗದಲ್ಲಿದೆ.

ಲಿವರ್ ಲೆಕ್ಕ

ಬಾವಿಯಿಂದ ನೀರೆತ್ತುವ ಏತ ನೋಡಿದ್ದೀರಲ್ವಾ? ಉದ್ದನೆಯ ಮರ, ನಡುವೆ ಒಂದು ಆಧಾರ. ಗೇರ್ ಲಿವರ್ ಕೂಡ ಹಾಗೇ. ಲಿವರ್ ನಡುವೆ ಒಂದು ಗುಂಡು ಇರುತ್ತದೆ, ಅದೇ ಆಧಾರ. ಅದರ ಮೇಲಿನ ಉದ್ದದ ಭಾಗ ನಿಮ್ಮ ಕೈಯಲ್ಲಿ. ಕೆಳಗಿನ ಗಿಡ್ಡ ತುದಿ ಗೇರ್ ಬಾಕ್ಸ್ ಒಳಗಿನ ರಾಡ್ ಅನ್ನು ತಳ್ಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಅಂತ ಹಾಕಿದ್ದು, ಕಾರಿನ ಅಳತೆ ಅಲ್ಲ. ಗುಂಡಿನ ಮೇಲೆ 200 ಎಂಎಂ, ಕೆಳಗೆ 40 ಎಂಎಂ ಇದೆ ಅನ್ನಿ. ಅನುಪಾತ 5. ಕೆಳಗಿನ ರಾಡ್ 10 ಎಂಎಂ ಸರಿಯಬೇಕಾದರೆ ಮೇಲೆ ಕೈ 50 ಎಂಎಂ ಸರಿಯಬೇಕು. ಈಗ ಕೆಳಗಿನ ಭಾಗವನ್ನು 50 ಎಂಎಂ ಮಾಡಿದರೆ ಅನುಪಾತ 4 ಆಗುತ್ತದೆ, ಕೈ 40 ಎಂಎಂ ಸರಿದರೆ ಸಾಕು. ದೂರ ಶೇ. 20 ಕಡಿಮೆ ಆಯಿತು. ಆದರೆ ಅದೇ ರಾಡ್ ತಳ್ಳಲು ಕೈ ಹಾಕಬೇಕಾದ ಬಲ ಶೇ. 25 ಜಾಸ್ತಿ ಆಯಿತು. ಇದನ್ನು ಯಾವ ಕಂಪನಿಯ ಲಿವರ್ ತಂದರೂ ತಪ್ಪಿಸಲು ಆಗುವುದಿಲ್ಲ. "ಶೇ. 40 ಗಿಡ್ಡ" ಅಂತ ಡಬ್ಬದ ಮೇಲೆ ಬರೆದಿದ್ದರೆ, ಗೇರ್ ಹಾಕುವ ಬಲ ಸುಮಾರು ಶೇ. 67 ಜಾಸ್ತಿ ಬೇಕು ಅಂತಲೂ ಓದಿಕೊಳ್ಳಿ.

ಕೆಳಗೆ ಉದ್ದ ಮಾಡುವ ಬದಲು ಮೇಲಿನ ಭಾಗ ಗಿಡ್ಡ ಮಾಡಿದರೂ ಲೆಕ್ಕ ಅದೇ. 200 ಅನ್ನು 160 ಮಾಡಿದರೆ ಅನುಪಾತ ಮತ್ತೆ 4. ಆದರೆ ಲಿವರ್ ತುದಿಯ ಹಿಡಿ, ಅಂದರೆ ನಾಬ್, ಕೆಳಗಿಳಿಯುತ್ತದೆ. ಸ್ಟೀರಿಂಗ್‌ನಿಂದ ಕೈ ಇನ್ನಷ್ಟು ಕೆಳಗೆ ಹೋಗಬೇಕು. ಒಳ್ಳೆಯ ಶಾರ್ಟ್ ಶಿಫ್ಟರ್ ಮುಖ್ಯವಾಗಿ ಕೆಳಗಿನ ಭಾಗ ಉದ್ದ ಮಾಡುತ್ತದೆ, ಇಲ್ಲವೇ ಆಧಾರದ ಗುಂಡನ್ನು ಮೇಲೆತ್ತುತ್ತದೆ. ಲಿವರ್ ಕತ್ತರಿಸಿ ವೆಲ್ಡ್ ಮಾಡಿಸಿಕೊಳ್ಳುವ ಐಡಿಯಾ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಓಡುವ ಕಾರಿನಲ್ಲಿ ಗೇರ್ ಲಿವರ್ ಕೈಗೆ ಕಿತ್ತುಬರುವುದು ಸಣ್ಣ ವಿಷಯವಲ್ಲ.

ಮೊದಲು ಬುಷ್, ಆಮೇಲೆ ಲಿವರ್

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇಪ್ಪತ್ತು ಮೂವತ್ತು ವರ್ಷ ಹಳೆಯ ಎಂಎಕ್ಸ್-5ನಲ್ಲಿ ಗೇರ್ ಸಡಿಲ ಅನಿಸಲು ಲಿವರ್ ಉದ್ದ ಕಾರಣವೇ ಅಲ್ಲ. ಅದರ ಕೆಳಗಿನ ಪ್ಲಾಸ್ಟಿಕ್ ಮತ್ತು ರಬ್ಬರ್ ಸತ್ತಿರುವುದು ಕಾರಣ. ಈ ಕಾರಿನ ಗೇರ್ ಹೊಸದಾಗಿದ್ದಾಗ ಎಷ್ಟು ಚೆನ್ನಾಗಿತ್ತು ಅಂತ ಅದನ್ನು ಓಡಿಸಿದವರೆಲ್ಲ ಹೊಗಳಿದ್ದಾರೆ. ಆ ಹೊಗಳಿಕೆ ಕಂಪನಿಯ ಮೂಲ ಲಿವರ್‌ಗೇ ಬಂದಿದ್ದು.

ಗೇರ್ ಬಾಕ್ಸ್ ಹಿಂಭಾಗದ ಮೇಲೆ ಒಂದು ಸಣ್ಣ ಗೋಪುರದಂಥ ಭಾಗವಿದೆ. ಅದಕ್ಕೆ ಟರೆಟ್ ಅನ್ನುತ್ತಾರೆ. ಲಿವರ್ ಕೂರುವುದು ಅದರೊಳಗೆ. ಲಿವರ್ ಕೆಳತುದಿಯ ಸಣ್ಣ ಗುಂಡಿಗೆ ಒಂದು ನೈಲಾನ್ ಟೋಪಿ ಇರುತ್ತದೆ, ಅದಕ್ಕೇ ಬುಷ್ ಅನ್ನುವುದು. ಆ ಬುಷ್ ಸಮೇತ ತುದಿ ರಾಡಿನ ಗುಳಿಯೊಳಗೆ ಕೂರುತ್ತದೆ. ವರ್ಷಗಳು ಕಳೆದಂತೆ ಈ ಟೋಪಿ ಸೀಳಿ ಚೂರಾಗುತ್ತದೆ. ಆಗ ಲೋಹಕ್ಕೆ ಲೋಹ ತಾಗಿ ಲಿವರ್ ಗಡಗಡ ಅನ್ನುತ್ತದೆ. ನಡುವಿನ ದೊಡ್ಡ ಗುಂಡಿಗೂ ನೈಲಾನ್ ಪೀಠ ಇದೆ, ಅದೂ ಸವೆಯುತ್ತದೆ.

ಟರೆಟ್ ಒಳಗೆ ಅದರದೇ ಸ್ವಲ್ಪ ಆಯಿಲ್ ಇರುತ್ತದೆ. ಗೇರ್ ಬಾಕ್ಸಿನ ಮುಖ್ಯ ಆಯಿಲ್ ಸುಮಾರು 2 ಲೀಟರ್, ಅದು ಬೇರೆ. ಕೆಳಗಿನ ಡ್ರೈನ್ ಬೋಲ್ಟ್ ತೆಗೆದು ಗೇರ್ ಆಯಿಲ್ ಎಷ್ಟು ಸಲ ಬದಲಿಸಿದರೂ ಟರೆಟ್ ಆಯಿಲ್ ಹಾಗೇ ಉಳಿಯುತ್ತದೆ. ಹಾಗಾಗಿ ಹಳೆಯ ಕಾರು ಬಿಚ್ಚಿದರೆ ಒಳಗೆ ಕಪ್ಪು ಕೆಸರು ಇರುತ್ತದೆ, ಇಲ್ಲವೇ ಒಣಗಿರುತ್ತದೆ.

ಟರೆಟ್ ಮೇಲೆ ಲಿವರ್ ಸುತ್ತ ಮುಚ್ಚುವ ಒಂದು ಸಣ್ಣ ರಬ್ಬರ್ ಹೊದಿಕೆ ಇದೆ, ಅದಕ್ಕೆ ಬೂಟ್ ಅನ್ನುತ್ತಾರೆ. ಅದು ಹರಿದರೆ ಗೇರ್ ಬಾಕ್ಸ್ ಕಡೆಯ ಬಿಸಿ, ಆಯಿಲ್ ವಾಸನೆ, ರಸ್ತೆಯ ಸದ್ದು ಎಲ್ಲ ಒಳಗೆ ಬರುತ್ತವೆ. ಬೇಸಿಗೆಯಲ್ಲಿ ನಾಬ್ ಮುಟ್ಟಿದರೆ ಸುಡುತ್ತದೆ ಅನ್ನುವವರ ಕಾರಿನಲ್ಲಿ ಈ ಬೂಟ್ ನೋಡಿ, ಬಹುಮಟ್ಟಿಗೆ ಹರಿದಿರುತ್ತದೆ.

ಅದಕ್ಕೇ ನನ್ನ ಸಲಹೆ ಇದು. ಹೊಸ ಬುಷ್, ಹೊಸ ಬೂಟ್, ಹೊಸ ಆಯಿಲ್ ಹಾಕಿ, ಹಳೆಯ ಲಿವರ್ ಅನ್ನೇ ಮತ್ತೆ ಇಟ್ಟು ಕೆಲವು ವಾರ ಓಡಿಸಿ. ಆಮೇಲೂ ಇನ್ನೂ ಗಿಡ್ಡ ಬೇಕು ಅನಿಸಿದರೆ ಶಾರ್ಟ್ ಶಿಫ್ಟರ್ ತನ್ನಿ. ಎರಡನೇ ಸಲ ಬಿಚ್ಚುವುದು ಕಷ್ಟವಲ್ಲ, ಆಗ ಕೈಗೆ ಅಭ್ಯಾಸ ಆಗಿರುತ್ತದೆ. ಎರಡನ್ನೂ ಒಟ್ಟಿಗೆ ಮಾಡುತ್ತೇನೆ ಅನ್ನುವವರು ಮಾಡಿ, ತಪ್ಪಿಲ್ಲ. ಆದರೆ ಹಳೆಯ ಬುಷ್ ಮೇಲೆ ಹೊಸ ಶಾರ್ಟ್ ಶಿಫ್ಟರ್ ಮಾತ್ರ ಕೂರಿಸಬೇಡಿ. ಕೆಳಗೆ ಇರುವ ಸಡಿಲ ಅದರಲ್ಲಿ ಹಾಗೇ ಉಳಿಯುತ್ತದೆ, ಬಲ ಮಾತ್ರ ಜಾಸ್ತಿ ಹಾಕಬೇಕಾಗುತ್ತದೆ.

ಏನೇನು ಬೇಕು

ಸಾಮಾನು: ಶಾರ್ಟ್ ಶಿಫ್ಟರ್ ಕಿಟ್, ಕೆಳತುದಿಯ ನೈಲಾನ್ ಬುಷ್, ನಡುಗುಂಡಿನ ಪೀಠದ ಬುಷ್, ಅಲೆಅಲೆಯಾಗಿರುವ ಸ್ಪ್ರಿಂಗ್ ವಾಷರ್, ಟರೆಟ್ ಗ್ಯಾಸ್ಕೆಟ್ (ಆಯಿಲ್ ಸೋರದಂತೆ ನಡುವೆ ಇಡುವ ತೆಳು ಹಾಳೆ), ಕೆಳಗಿನ ಸಣ್ಣ ಬೂಟ್, ಮೇಲಿನ ದೊಡ್ಡ ಬೂಟ್. ಬುಷ್ ಮತ್ತು ಬೂಟ್‌ಗಳನ್ನು ಸೇರಿಸಿ ರಿಬಿಲ್ಡ್ ಕಿಟ್ ಅಂತ ಮಾರುತ್ತಾರೆ. ನೈಲಾನ್ ಬದಲು ಹಿತ್ತಾಳೆ ಅಥವಾ ಕಂಚಿನ ಬುಷ್ ಕೂಡ ಸಿಗುತ್ತದೆ. ಅದು ಬಾಳಿಕೆ ಬರುತ್ತದೆ, ಆದರೆ ಸದ್ದು ಮತ್ತು ನಡುಕ ಕೈಗೆ ಬರುತ್ತದೆ. ದಿನಾ ಆಫೀಸಿಗೆ ಓಡಿಸುವ ಕಾರಿಗೆ ನೈಲಾನ್ ಸಾಕು.

ಆಯಿಲ್: 75ಡಬ್ಲ್ಯು-90 ಗೇರ್ ಆಯಿಲ್, ಜಿಎಲ್-4 ದರ್ಜೆಯದು. ಟರೆಟ್‌ಗೆ ಬೇಕಾಗುವುದು 80ರಿಂದ 95 ಎಂಎಲ್ ಅಷ್ಟೇ. ಒಂದು ಲೀಟರ್ ಡಬ್ಬ ತಂದರೆ ಧಾರಾಳವಾಗಿ ಉಳಿಯುತ್ತದೆ.

ಸಲಕರಣೆ: 10 ಎಂಎಂ ಸಾಕೆಟ್, ರ‍್ಯಾಚೆಟ್, ಉದ್ದನೆಯ ಎಕ್ಸ್‌ಟೆನ್ಷನ್, ಸ್ಟಾರ್ ಸ್ಕ್ರೂ ಡ್ರೈವರ್, ಉದ್ದ ಮೂತಿಯ ಇಕ್ಕಳ, ತುದಿಗೆ ಟ್ಯೂಬ್ ಸಿಕ್ಕಿಸಿದ ದೊಡ್ಡ ಸಿರಿಂಜ್, ಆಯಸ್ಕಾಂತದ ಕಡ್ಡಿ, ಟಾರ್ಚ್, ಬ್ರೇಕ್ ಕ್ಲೀನರ್, ನೂಲು ಬಿಡದ ಬಟ್ಟೆ, ಲಿಥಿಯಂ ಗ್ರೀಸ್, ಕೈಗವಸು. ಸಣ್ಣ ಟಾರ್ಕ್ ರೆಂಚ್ ಇದ್ದರೆ ಇನ್ನೂ ಒಳ್ಳೆಯದು. ಆಯಸ್ಕಾಂತದ ಕಡ್ಡಿ ಮರೆಯಬೇಡಿ. ಟರೆಟ್ ಒಳಗೆ ಬೋಲ್ಟ್ ಬಿದ್ದರೆ ಅದೊಂದೇ ದಿಕ್ಕು.

ಶುರು ಮಾಡುವ ಮುನ್ನ

ಕಾರು ತಣ್ಣಗಿರಬೇಕು. ಸೈಲೆನ್ಸರ್ ಪೈಪ್ ಗೇರ್ ಬಾಕ್ಸ್ ಪಕ್ಕದಲ್ಲೇ ಹೋಗುತ್ತದೆ, ಈಗಷ್ಟೇ ಓಡಿಸಿ ಬಂದ ಕಾರಿನಲ್ಲಿ ಕೈ ಹಾಕಿದರೆ ಸುಡುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು, ಅಂದರೆ ಕಾರನ್ನು ಹಿಡಿದಿಡಲು ಗೇರ್ ಇರುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆಯಿರಿ, ಜೊತೆಗೆ ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು ಕೊಡಿ. ಹ್ಯಾಂಡ್ ಬ್ರೇಕ್ ಮೇಲೆತ್ತಿದ್ದರೆ ಕನ್ಸೋಲ್, ಅಂದರೆ ಎರಡು ಸೀಟಿನ ನಡುವಿನ ಪ್ಲಾಸ್ಟಿಕ್ ಹೊದಿಕೆ, ತೆಗೆಯುವುದೂ ಸುಲಭ.

ಬ್ಯಾಟರಿ ನೆಗೆಟಿವ್ ವೈರ್ ಕಳಚಿ. ಈ ಕಾರಿನಲ್ಲಿ ಬ್ಯಾಟರಿ ಬಾನೆಟ್ ಕೆಳಗಿಲ್ಲ, ಡಿಕ್ಕಿಯಲ್ಲಿ ಬಲಗಡೆ ಇದೆ. ಎರಡೂ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ.

ಕನ್ಸೋಲ್ ತೆಗೆಯುವುದು

ಗೇರ್ ನಾಬ್ ಎಡಕ್ಕೆ ತಿರುಗಿಸುತ್ತಾ ಹೋದರೆ ಕಳಚುತ್ತದೆ. ಬಹಳ ವರ್ಷ ಕದಲದ ನಾಬ್ ಹಠ ಮಾಡಬಹುದು. ಬಟ್ಟೆ ಸುತ್ತಿ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ. ಇಕ್ಕಳ ನೇರವಾಗಿ ನಾಬ್‌ಗೆ ಹಾಕಬೇಡಿ.

ಕನ್ಸೋಲ್ ಸ್ಕ್ರೂಗಳು ಮೂರು ಕಡೆ ಅಡಗಿರುತ್ತವೆ. ಹಿಂದಿನ ಡಬ್ಬಿಯ ತಳದಲ್ಲಿ, ಆ್ಯಶ್‌ಟ್ರೇ ಎತ್ತಿದರೆ ಅದರಡಿಯಲ್ಲಿ, ಮುಂಭಾಗದಲ್ಲಿ ಕಾಲಿಡುವ ಕಡೆ ಎರಡೂ ಬದಿಗೆ. ವರ್ಷ ಮತ್ತು ದೇಶಕ್ಕೆ ತಕ್ಕಂತೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಕನ್ಸೋಲ್ ಎದ್ದು ಬರದಿದ್ದರೆ ಜೋರಾಗಿ ಎಳೆಯುವ ಬದಲು ಉಳಿದ ಸ್ಕ್ರೂ ಹುಡುಕಿ. ಈ ವಯಸ್ಸಿನ ಪ್ಲಾಸ್ಟಿಕ್ ಒಂದೇ ಎಳೆತಕ್ಕೆ ಸೀಳುತ್ತದೆ. ಪವರ್ ವಿಂಡೋ ಇರುವ ಕಾರಿನಲ್ಲಿ ಕಿಟಕಿ ಸ್ವಿಚ್ ಕನ್ಸೋಲ್ ಮೇಲೇ ಇದೆ. ಕನ್ಸೋಲ್ ಹಿಂಭಾಗ ಸ್ವಲ್ಪ ಎತ್ತಿ, ಅಡಿಯಿಂದ ಆ ವೈರಿನ ಕನೆಕ್ಟರ್ ಕಳಚಿ, ಆಮೇಲೆ ಪೂರ್ತಿ ಎತ್ತಿ. ಸ್ಕ್ರೂಗಳನ್ನು ಒಂದೊಂದು ಜಾಗದ್ದು ಒಂದೊಂದು ಲೋಟದಲ್ಲಿ ಹಾಕಿ ಮೇಲೆ ಬರೆದಿಡಿ.

ಟರೆಟ್ ತೆರೆಯುವುದು

ಕನ್ಸೋಲ್ ಹೋದ ಮೇಲೆ ದೊಡ್ಡ ರಬ್ಬರ್ ಬೂಟ್ ಕಾಣುತ್ತದೆ. ಅದನ್ನು ಒಂದು ಲೋಹದ ಚೌಕಟ್ಟು ಒತ್ತಿ ಹಿಡಿದಿದೆ, ನಾಲ್ಕು 10 ಎಂಎಂ ಬೋಲ್ಟ್. ಬಿಚ್ಚುವ ಮುನ್ನ ಸುತ್ತಮುತ್ತಲ ಧೂಳು, ಮರಳು, ಎಲೆ ಎಲ್ಲ ವ್ಯಾಕ್ಯೂಮ್‌ನಿಂದ ಎಳೆದುಬಿಡಿ. ಮೇಲಿನ ಕಸ ಕೆಳಗಿನ ಆಯಿಲ್‌ಗೆ ಬೀಳಬಾರದು.

ಬೂಟ್ ಮೇಲೆತ್ತಿದರೆ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಸಣ್ಣ ಬೂಟ್, ಅದರ ಕೆಳಗೆ ಟರೆಟ್ ಮುಚ್ಚಳ, ಅದಕ್ಕೆ ಮೂರು 10 ಎಂಎಂ ಬೋಲ್ಟ್. ಇಲ್ಲೂ ಮೊದಲು ಒರೆಸಿ, ಆಮೇಲೆ ಬಿಚ್ಚಿ. ಬೋಲ್ಟ್ ಪೂರ್ತಿ ಸಡಿಲವಾದ ಮೇಲೆ ಸಾಕೆಟ್ ಬಿಟ್ಟು ಬೆರಳಿನಿಂದ ಎತ್ತಿ.

ಈಗ ಲಿವರ್ ಯಾವ ಕಡೆಗೆ ಬಾಗಿದೆ ಅಂತ ಒಂದು ಫೋಟೋ ತೆಗೆದುಕೊಳ್ಳಿ. ವಾಷರ್, ಗ್ಯಾಸ್ಕೆಟ್ ಯಾವ ಕ್ರಮದಲ್ಲಿ ಕೂತಿವೆ ಅನ್ನುವುದಕ್ಕೂ ಒಂದು ಫೋಟೋ. ಲಿವರ್ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಪಚಕ್ ಅಂತ ಬರುತ್ತದೆ. ತುದಿಯಿಂದ ಆಯಿಲ್ ತೊಟ್ಟಿಕ್ಕುತ್ತದೆ, ಅಡಿಗೆ ಬಟ್ಟೆ ಹಿಡಿದಿರಿ. ಸೀಟಿನ ಮೇಲೆ ಹಳೆಯ ಗೇರ್ ಆಯಿಲ್ ಬಿದ್ದರೆ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಲಿವರ್ ಕೆಳತುದಿ ನೋಡಿ. ನೈಲಾನ್ ಟೋಪಿ ಇಡಿಯಾಗಿ ಬಂತಾ? ಇಲ್ಲದಿದ್ದರೆ, ಅಥವಾ ಅರ್ಧ ಮಾತ್ರ ಬಂದಿದ್ದರೆ, ಉಳಿದ ಚೂರು ರಾಡಿನ ಗುಳಿಯಲ್ಲಿ ಇದೆ. ಅದನ್ನು ತೆಗೆಯದೆ ಮುಂದೆ ಹೋಗಬೇಡಿ. ಹೊಸ ಬುಷ್ ಅದರ ಮೇಲೆ ಕೂರುವುದಿಲ್ಲ.

ಒಳಗೆ ಸ್ವಚ್ಛ ಮಾಡುವುದು

ಅವಸರ ಮಾಡಬಾರದ ಜಾಗ ಇದು. ಸಿರಿಂಜಿನ ಟ್ಯೂಬ್ ಕೆಳಗೆ ಇಳಿಸಿ ಹಳೆಯ ಆಯಿಲ್ ಎಲ್ಲ ಎಳೆಯಿರಿ. ಮೊದಲು ತೆಳು ಕಪ್ಪು ನೀರಿನಂತೆ ಬರುತ್ತದೆ, ಆಮೇಲೆ ತಳದ ಗಟ್ಟಿ ಕೆಸರು. ಕೆಸರು ಬರದಿದ್ದರೆ ಸ್ವಲ್ಪ ಹೊಸ ಗೇರ್ ಆಯಿಲ್ ಬಿಟ್ಟು ಕಲಕಿ ಮತ್ತೆ ಎಳೆಯಿರಿ. ಬ್ರೇಕ್ ಕ್ಲೀನರ್ ಒಳಗೆ ನೇರವಾಗಿ ಸಿಂಪಡಿಸಬೇಡಿ. ಬಟ್ಟೆಗೆ ಹಾಕಿಕೊಂಡು, ಉದ್ದ ಕಡ್ಡಿಗೆ ಸುತ್ತಿ, ಗೋಡೆ ಮತ್ತು ತಳ ಒರೆಸಿ. ಸಿಂಪಡಿಸಿದರೆ ಅದು ಸೀಲ್‌ಗಳ ಕಡೆ ಹೋಗಬಹುದು, ಮತ್ತೆ ಹೊರಗೆ ತೆಗೆಯುವುದೂ ಕಷ್ಟ.

ಇಕ್ಕಳದಿಂದ ಗುಳಿಯೊಳಗಿನ ಹಳೆಯ ನೈಲಾನ್ ಚೂರುಗಳನ್ನು ಆರಿಸಿ ತೆಗೆಯಿರಿ. ತೆಗೆದ ಚೂರುಗಳನ್ನು ಒಂದು ಬಿಳಿ ಕಾಗದದ ಮೇಲೆ ಜೋಡಿಸಿ ನೋಡಿದರೆ ಪೂರ್ತಿ ಟೋಪಿ ಆಗುತ್ತದಾ ಅಂತ ಗೊತ್ತಾಗುತ್ತದೆ. ಅದು ನಿಜಕ್ಕೂ ಒಳ್ಳೆಯ ಅಭ್ಯಾಸ. ಆಮೇಲೆ ಆಯಸ್ಕಾಂತದ ಕಡ್ಡಿ ಒಂದು ಸುತ್ತು ಆಡಿಸಿ. ಅದಕ್ಕೆ ನುಣ್ಣನೆಯ ಕಪ್ಪು ಪುಡಿ ಅಂಟುವುದು ಸಹಜ, ಹಳೆಯ ಬಾಕ್ಸ್ ಅಲ್ವಾ. ಹಲ್ಲಿನಂಥ ತುಂಡು ಬಂದರೆ ಮಾತ್ರ ಗೇರ್ ಬಾಕ್ಸನ್ನೇ ಬಲ್ಲವರಿಗೆ ತೋರಿಸಿ.

ಟರೆಟ್ ಅಂಚಿನ ಮೇಲೆ ಹಳೆಯ ಗ್ಯಾಸ್ಕೆಟ್ ಅಂಟಿರುತ್ತದೆ. ಅದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಆ ಭಾಗ ಅಲ್ಯೂಮಿನಿಯಂ, ಬ್ಲೇಡ್ ಹಾಕಿದರೆ ಗೀರು ಬೀಳುತ್ತದೆ, ಗೀರಿನಿಂದ ಆಯಿಲ್ ಜಿನುಗುತ್ತದೆ. ಕೆರೆಯುವಾಗ ತೂತಿಗೆ ಬಟ್ಟೆ ತುರುಕಿರಿ.

ಹೊಸ ಲಿವರ್ ಸಜ್ಜು ಮಾಡುವುದು

ಹಳೆಯ ಲಿವರ್ ಮತ್ತು ಹೊಸದನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿ. ನಡುಗುಂಡು ಒಂದೇ ಸಾಲಿಗೆ ಬರಲಿ. ಕೆಳಗೆ ಎಷ್ಟು ಉದ್ದ, ಮೇಲೆ ಎಷ್ಟು ಗಿಡ್ಡ ಅಂತ ಈಗ ಕಣ್ಣಿಗೇ ಕಾಣುತ್ತದೆ. ಗುಂಡುಗಳ ಅಳತೆ ಒಂದೇ ಇದೆಯಾ, ಮೇಲಿನ ಮರೆಗೆ (ನಾಬ್ ತಿರುಗಿಸಿ ಕೂರಿಸುವ ಸುರುಳಿ ಗೆರೆಗಳು) ನಿಮ್ಮ ನಾಬ್ ಕೂರುತ್ತದಾ ಇಲ್ಲೇ ನೋಡಿಕೊಳ್ಳಿ. ಮಾಜ್ದಾ ಮರೆ 10 ಎಂಎಂ ದಪ್ಪ, 1.25 ಎಂಎಂ ಪಿಚ್, ಅಂದರೆ ಎರಡು ಗೆರೆಗಳ ನಡುವಿನ ದೂರ. ಹೊಂದದ ನಾಬ್ ಅನ್ನು ಬಲವಂತವಾಗಿ ತಿರುಗಿಸಿದರೆ ಎರಡರ ಮರೆಯೂ ಹಾಳು.

ನೈಲಾನ್ ಬುಷ್ ಗುಂಡಿನ ಮೇಲೆ ಬಿಗಿಯಾಗಿ ಕೂರುತ್ತದೆ. ಕೈಯಲ್ಲಿ ಒತ್ತಿದರೆ ಬರದಿದ್ದರೆ ಬುಷ್ ಅನ್ನು ಬಿಸಿ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟು ತೆಗೆಯಿರಿ. ಮೆತ್ತಗಾಗಿ ಟಕ್ ಅಂತ ಕೂರುತ್ತದೆ. ನೀರು ಪೂರ್ತಿ ಒರೆಸಿ. ಸುತ್ತಿಗೆ ಹೊಡೆಯಬೇಡಿ, ಕಣ್ಣಿಗೆ ಕಾಣದ ಬಿರುಕು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕತೆ. ನಡುಗುಂಡಿಗೆ ತೆಳ್ಳಗೆ ಗ್ರೀಸ್ ಸವರಿ. ಕೆಳತುದಿ ಆಯಿಲ್‌ನಲ್ಲೇ ಮುಳುಗಿರುತ್ತದೆ, ಅದಕ್ಕೆ ಒಂಚೂರು ಸಾಕು.

ಕೆಲವು ಕಿಟ್‌ಗಳಲ್ಲಿ ಗುಂಡನ್ನು ಮೇಲೆತ್ತಲು ಒಂದು ಲೋಹದ ಸ್ಪೇಸರ್ ಇರುತ್ತದೆ, ಜೊತೆಗೆ ಉದ್ದನೆಯ ಬೋಲ್ಟ್. ಅಂಥದ್ದಾದರೆ ಹಳೆಯ ಬೋಲ್ಟ್ ಬಳಸಬೇಡಿ, ನಾಲ್ಕೇ ಸುತ್ತು ಹಿಡಿದು ಮರೆ ಕಿತ್ತುಬರುತ್ತದೆ. ಸ್ಪೇಸರ್ ಇಲ್ಲದ ಕಿಟ್‌ಗೆ ಉದ್ದ ಬೋಲ್ಟ್ ಹಾಕುವುದೂ ತಪ್ಪು.

ಕೂರಿಸುವುದು

ಮೊದಲು ಆಯಿಲ್. ತೂತಿನ ಬಟ್ಟೆ ತೆಗೆದು, ಸಿರಿಂಜಿನಲ್ಲಿ ಅಳೆದು 80ರಿಂದ 95 ಎಂಎಲ್ ಬಿಡಿ. ಅಂಚಿನವರೆಗೆ ತುಂಬಿಸಬೇಡಿ. ಜಾಸ್ತಿ ಹಾಕಿದರೆ ಗೇರ್ ನುಣುಪಾಗುವುದಿಲ್ಲ, ಮುಚ್ಚಳದಿಂದ ಉಕ್ಕುತ್ತದೆ ಅಷ್ಟೇ.

ಪೀಠದ ಬುಷ್ ಕೂರಿಸಿ. ಲಿವರ್ ಇಳಿಸಿ. ಕೆಳತುದಿ ರಾಡಿನ ಗುಳಿ ಹುಡುಕಬೇಕು. ಲಿವರ್ ಅನ್ನು ಮೆಲ್ಲಗೆ ಹಿಂದೆ ಮುಂದೆ, ಅಕ್ಕಪಕ್ಕ ಆಡಿಸುತ್ತಾ ಕೆಳಗೊತ್ತಿ. ಗುಳಿ ಸಿಕ್ಕಿದ ಕೂಡಲೇ ಲಿವರ್ ಒಂದು ಮೆಟ್ಟಿಲು ಇಳಿದಂತೆ ಕೂರುತ್ತದೆ, ಆಡಿಸಿದರೆ ನ್ಯೂಟ್ರಲ್‌ನ ಪರಿಚಿತ ಎಳೆತ ಕೈಗೆ ಸಿಗುತ್ತದೆ. ಹಾಗೆ ಆಗದೆ ಲಿವರ್ ಸುಮ್ನೆ ಗಾಳಿಯಲ್ಲಿ ಆಡುತ್ತಿದ್ದರೆ ತುದಿ ಪಕ್ಕದಲ್ಲಿ ಇಳಿದಿದೆ ಅಂತ ಅರ್ಥ. ಎತ್ತಿ ಮತ್ತೆ ಪ್ರಯತ್ನಿಸಿ. ಬೋಲ್ಟ್ ಬಿಗಿದು ಕೂರಿಸಿಬಿಡೋಣ ಅನ್ನುವ ಯೋಚನೆ ಬೇಡ.

ಫೋಟೋದಲ್ಲಿದ್ದ ಕ್ರಮದಲ್ಲೇ ಸ್ಪ್ರಿಂಗ್ ವಾಷರ್, ಗ್ಯಾಸ್ಕೆಟ್, ಮುಚ್ಚಳ, ಸಣ್ಣ ಬೂಟ್ ಇಡಿ. ಕಿಟ್ ಜೊತೆ ಬಂದ ಹಾಳೆಯಲ್ಲಿ ಬೇರೆ ಕ್ರಮ ಇದ್ದರೆ ಅದೇ ಸರಿ. ಮೂರು ಬೋಲ್ಟನ್ನೂ ಮೊದಲು ಬೆರಳಿನಲ್ಲೇ ಹತ್ತಿಸಿ, ಆಮೇಲೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿಯಿರಿ. 8ರಿಂದ 10 ನ್ಯೂಟನ್ ಮೀಟರ್ ಸಾಕು. ಇವು ಸಣ್ಣ ಬೋಲ್ಟ್, ಕೆಳಗಿರುವುದು ಅಲ್ಯೂಮಿನಿಯಂ. ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಬೇಡ.

ಮುಚ್ಚುವ ಮುನ್ನ ಪರೀಕ್ಷೆ

ಕನ್ಸೋಲ್ ಹಾಕುವ ಆತುರ ಬೇಡ. ನಾಬ್ ಮಾತ್ರ ಹಾಕಿ. ಎಂಜಿನ್ ಆಫ್ ಇರಲಿ. ಕ್ಲಚ್ ಒತ್ತಿ ಒಂದರಿಂದ ಐದರವರೆಗೆ ಹಾಕಿ, ಆಮೇಲೆ ಐದರ ಕೆಳಗಿನ ರಿವರ್ಸ್. ಎಂಜಿನ್ ಓಡದಿರುವಾಗ ಒಂದೆರಡು ಗೇರ್ ತಕ್ಷಣ ಬೀಳದಿರಬಹುದು. ಕ್ಲಚ್ ಬಿಟ್ಟು ಮತ್ತೆ ಒತ್ತಿ ನೋಡಿ.

ಪ್ರತಿ ಗೇರಿನ ಕೊನೆಯಲ್ಲೂ ಲಿವರ್ ಎಲ್ಲಾದರೂ ತಾಗುತ್ತದಾ ನೋಡಿ. ಗೇರ್ ಪೂರ್ತಿ ಬೀಳುವ ಮೊದಲೇ ಲಿವರ್ ಲೋಹಕ್ಕೆ ತಾಗಿ ನಿಂತರೆ ಅದು ಅಪಾಯ. ಅರ್ಧ ಬಿದ್ದ ಗೇರ್ ಓಡುವಾಗ ಜಾರಿ ಆಚೆ ಬರುತ್ತದೆ. ಪ್ರತಿ ಗೇರಿನಲ್ಲಿ ಲಿವರ್ ಬಿಟ್ಟ ಮೇಲೆ ಬೆರಳಿನಿಂದ ಇನ್ನೊಂದು ಸಲ ಅದೇ ದಿಕ್ಕಿಗೆ ಒತ್ತಿ. ಸ್ವಲ್ಪ ಜಾಗ ಉಳಿದಿರಬೇಕು.

ಎಲ್ಲ ಸರಿ ಅನಿಸಿದರೆ ಬ್ಯಾಟರಿ ಹಾಕಿ, ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಒಂದು ಮತ್ತು ರಿವರ್ಸ್ ಹಾಕಿ ನೋಡಿ. ಆಮೇಲೆ ದೊಡ್ಡ ಬೂಟ್, ಚೌಕಟ್ಟು, ನಾಲ್ಕು ಬೋಲ್ಟ್. ಬೂಟ್ ಅಂಚು ಎಲ್ಲ ಕಡೆ ಚೌಕಟ್ಟಿನ ಕೆಳಗೆ ಕೂತಿರಲಿ. ಕಿಟಕಿ ಸ್ವಿಚ್ ವೈರ್ ಸಿಕ್ಕಿಸಿ, ಕನ್ಸೋಲ್ ಇಳಿಸಿ, ಸ್ಕ್ರೂ ಹಾಕಿ. ಚರ್ಮದ ಹೊದಿಕೆ ಹೊಸ ಗಿಡ್ಡ ಲಿವರ್ ಮೇಲೆ ಮುದ್ದೆಯಾಗಿ ಕೂರಬಹುದು. ಎರಡನೇ, ನಾಲ್ಕನೇ ಗೇರಿನಲ್ಲಿ ಅದು ಲಿವರ್ ಅನ್ನು ಮುಂದಕ್ಕೆ ತಳ್ಳಿ ಗೇರ್ ಬಿಡಿಸದಂತೆ ಸಡಿಲ ಬಿಡಿ.

ರಸ್ತೆಯಲ್ಲಿ

ಮೊದಲ ಓಟ ಖಾಲಿ ರಸ್ತೆಯಲ್ಲಿ ಇರಲಿ. ಕೈಗೆ ಹಳೆಯ ದೂರದ ಅಭ್ಯಾಸ ಇರುತ್ತದೆ. ಐದರಿಂದ ನಾಲ್ಕಕ್ಕೆ ಎಳೆಯಲು ಹೋಗಿ ಎರಡಕ್ಕೆ ಎಳೆದರೆ ಎಂಜಿನ್ ಮಿತಿ ಮೀರಿ ತಿರುಗುತ್ತದೆ. ಅದನ್ನು ಯಾವ ಎಲೆಕ್ಟ್ರಾನಿಕ್ ಮಿತಿಯೂ ತಡೆಯುವುದಿಲ್ಲ, ಯಾಕೆಂದರೆ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರ. ಆದ್ದರಿಂದ ಮೊದಲ ಕೆಲವು ದಿನ ಪ್ರತಿ ಗೇರನ್ನೂ ನೋಡಿಕೊಂಡು ಹಾಕಿ.

ಗಿಡ್ಡ ಲಿವರ್ ಬಂತು ಅಂತ ಗೇರ್ ಬಡಿದು ಹಾಕಬೇಡಿ. ಒಳಗಿನ ಸಿಂಕ್ರೊನೈಸರ್ ರಿಂಗ್‌ಗಳು ಎರಡು ವೇಗಗಳನ್ನು ಸಮ ಮಾಡಲು ಬೇಕಾದ ಸಮಯ ಮೊದಲಿನಷ್ಟೇ ಇದೆ. ಬಲ ಜಾಸ್ತಿ ಹಾಕಿದರೆ ಸವೆಯುವುದು ಅವೇ. ಈ ಬಾಕ್ಸಿನಲ್ಲಿ ಚಳಿಯ ಬೆಳಿಗ್ಗೆ ಎರಡನೇ ಗೇರ್ ಹಠ ಮಾಡುವುದು ಮಾಮೂಲು. ಆಯಿಲ್ ಬಿಸಿಯಾಗುವವರೆಗೆ ನಿಧಾನವಾಗಿ ಹಾಕಿ. ಶಾರ್ಟ್ ಶಿಫ್ಟರ್ ಹಾಕಿದ ಮೇಲೆ ಆ ಹಠ ಇನ್ನೂ ಚೆನ್ನಾಗಿ ಕೈಗೆ ಗೊತ್ತಾಗುತ್ತದೆ.

ಗೇರ್ ಹಾಕುವಾಗ ಕರಕರ ಅಂದರೆ ಲಿವರ್ ಅನ್ನು ದೂರಬೇಡಿ. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅನ್ನುವ ಸಾಧ್ಯತೆ ಹೆಚ್ಚು. ಈ ಕಾರುಗಳಲ್ಲಿ ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ಆಯಿಲ್ ಮೂಲಕ ಕ್ಲಚ್‌ಗೆ ಮುಟ್ಟಿಸುವ ಭಾಗ) ಸೋರುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಕ್ಲಚ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಇಳಿದಿದ್ದರೆ ಉತ್ತರ ಅಲ್ಲೇ ಇದೆ. ಲಿವರ್ ಝುಂ ಅಂತ ನಡುಗಿದರೆ ಮೊದಲು ಭಾರದ ನಾಬ್ ಹಾಕಿ ನೋಡಿ, ಬಹಳ ಸಲ ಅಷ್ಟರಲ್ಲೇ ಕಡಿಮೆಯಾಗುತ್ತದೆ. ಬಿಸಿ ಗಾಳಿ ಬಂದರೆ ಬೂಟ್ ಸರಿಯಾಗಿ ಕೂತಿಲ್ಲ.

ನಮ್ಮೂರಿನ ಕಾರುಗಳಿಗೆ

ಮಾರುತಿ ಜಿಪ್ಸಿ, ಮಹೀಂದ್ರ ಬೊಲೆರೊ ಥರದ ಗಾಡಿಗಳಲ್ಲೂ ಲಿವರ್ ಗೇರ್ ಬಾಕ್ಸ್ ಮೇಲೇ ನಿಂತಿದೆ. ಬಿಡಿಭಾಗ ಬೇರೆ, ಆದರೆ ತತ್ವ ಮೇಲೆ ಹೇಳಿದ್ದೇ. ಬುಷ್ ಬದಲಿಸಿದರೆ ಅವುಗಳ ಗೇರ್ ಎಷ್ಟು ಸುಧಾರಿಸುತ್ತದೆ ಅಂತ ನೋಡಿದವರಿಗೆ ಗೊತ್ತು.

ಸ್ವಿಫ್ಟ್, ಐ20, ಪೋಲೋ ಥರದ ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಗೇರ್ ಬಾಕ್ಸ್ ಎಂಜಿನ್ ಪಕ್ಕ ಅಡ್ಡಕ್ಕೆ ಇದೆ. ಲಿವರ್‌ನಿಂದ ಅಲ್ಲಿಗೆ ಎರಡು ಕೇಬಲ್ ಹೋಗುತ್ತವೆ. ಒಂದು ಹಿಂದೆ ಮುಂದಿನ ಚಲನೆಗೆ, ಇನ್ನೊಂದು ಅಕ್ಕಪಕ್ಕಕ್ಕೆ. ಇಲ್ಲಿ ಶಾರ್ಟ್ ಶಿಫ್ಟರ್ ಅಂದರೆ ಒಂದೋ ಒಳಗಿನ ಲಿವರ್ ಡಬ್ಬಿಯ ಅನುಪಾತ ಬದಲಿಸುವುದು, ಇಲ್ಲವೇ ಗೇರ್ ಬಾಕ್ಸ್ ಮೇಲೆ ಕೇಬಲ್ ಹಿಡಿಯುವ ತೋಳನ್ನು ಗಿಡ್ಡ ಮಾಡುವುದು. ತೋಳು ಗಿಡ್ಡವಾದರೆ ಕೇಬಲ್ ಅಷ್ಟೇ ಸರಿದರೂ ತೋಳು ಜಾಸ್ತಿ ತಿರುಗುತ್ತದೆ. ಆದರೆ ಸಾಮಾನ್ಯವಾಗಿ ಗಿಡ್ಡವಾಗುವುದು ಹಿಂದೆ ಮುಂದಿನ ದೂರ ಮಾತ್ರ, ಅಕ್ಕಪಕ್ಕದ ದೂರ ಹಾಗೇ ಉಳಿಯುತ್ತದೆ. ಅದಕ್ಕೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು.

ಈ ಕಾರುಗಳಲ್ಲೂ ಮೊದಲು ನೋಡಬೇಕಾದ್ದು ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್. ಬಾನೆಟ್ ತೆಗೆದು ಒಬ್ಬರು ಕೇಬಲ್ ತುದಿ ನೋಡುತ್ತಿರಲಿ, ಇನ್ನೊಬ್ಬರು ಒಳಗೆ ಕೂತು ಲಿವರ್ ಆಡಿಸಲಿ. ಲಿವರ್ ಆಡಿದ ಕೂಡಲೇ ತೋಳು ಆಡಬೇಕು. ನಡುವೆ ತಡವಾದರೆ ಬುಷ್ ಹೋಗಿದೆ. ಲಿವರ್ ಕಿಟ್ ಹಾಕಿದ ಮೇಲೆ ಕೇಬಲ್ ಸೆಟ್ಟಿಂಗ್ ಮಾಡಿಸುವುದು ಕಡ್ಡಾಯ. ಪ್ರತಿ ಕಂಪನಿಗೂ ಅದರ ವಿಧಾನ ಬೇರೆ, ಆ ಕಾರಿನ ವರ್ಕ್‌ಶಾಪ್ ಕೈಪಿಡಿ ನೋಡಿಯೇ ಮಾಡಬೇಕು.

ಕಾನೂನಿನ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅಂತ. ಗೇರ್ ಲಿವರ್ ಉದ್ದ ಆರ್‌ಸಿಯಲ್ಲಿ ಇರುವುದಿಲ್ಲ. ಆದರೆ ವಾರಂಟಿ ಬೇರೆ ವಿಷಯ. ವಾರಂಟಿ ಇರುವ ಕಾರಾದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಹಳೆಯ ಲಿವರ್ ಎಸೆಯಬೇಡಿ. ಬಟ್ಟೆಗೆ ಆಯಿಲ್ ಹಚ್ಚಿ ಸುತ್ತಿ ಇಡಿ, ಕಾರು ಮಾರುವಾಗ ಕೊಳ್ಳುವವರು ಅದನ್ನೇ ಕೇಳಬಹುದು.

ಮತ್ತೆ ಎಂಎಕ್ಸ್-5 ಇಟ್ಟವರಿಗೆ ಒಂದು ಕೊನೆಯ ಕೆಲಸ ಇದೆ. ಒಂದೆರಡು ವಾರ ಓಡಿಸಿದ ಮೇಲೆ ಕನ್ಸೋಲ್ ಮತ್ತೊಮ್ಮೆ ಎತ್ತಿ, ಟರೆಟ್ ಅಂಚಿನ ಸುತ್ತ ಬೆರಳಾಡಿಸಿ. ಒಣಗಿದ್ದರೆ ಸರಿ. ಆಯಿಲ್ ಹಸಿ ಕಂಡರೆ ಮೂರೂ ಬೋಲ್ಟಿನ ಬಿಗಿ ನೋಡಿ. ಬಿಗಿ ಸರಿಯಿದ್ದೂ ಜಿನುಗುತ್ತಿದ್ದರೆ ಮುಚ್ಚಳ ತೆಗೆದು, ಅಂಚು ಒರೆಸಿ, ಹೊಸ ಗ್ಯಾಸ್ಕೆಟ್ ಹಾಕಿ.